ಹೊಟ್ಟೆ ಹೋಯಿತು, ಹರಕೆ ಉಳಿಯಿತು

ಕುರ್ಚಿಯಿಂದ ಏಳುವಾಗ ನನ್ನ ಎಡಗೈ ಈಗಲೂ ತಾನಾಗಿಯೇ ಕೆಳಗೆ ಹೋಗುತ್ತದೆ. ಬಹಳ ವರ್ಷಗಳ ಅಭ್ಯಾಸ. ಹೊಟ್ಟೆಯನ್ನು ಅಡಿಯಿಂದ ಹಿಡಿದು, ಸ್ವಲ್ಪ ಮೇಲೆತ್ತಿ, ಅದು ಮೊದಲು ಎದ್ದಿತೆಂದು ಖಾತ್ರಿ ಮಾಡಿಕೊಂಡು ಆಮೇಲೆ ನಾನು ಏಳಬೇಕಿತ್ತು. ಈಗ ಕೈ ಹೋಗುತ್ತದೆ, ಅಲ್ಲಿ ಹಿಡಿಯುವುದಕ್ಕೆ ಏನೂ ಸಿಗುವುದಿಲ್ಲ, ತಪ್ಪು ಪಂಕ್ತಿಯಲ್ಲಿ ಊಟಕ್ಕೆ ಕೂತವರ ಹಾಗೆ ಪೆಚ್ಚಾಗಿ ವಾಪಸು ಬರುತ್ತದೆ. ನನ್ನ ಹೆಂಡತಿ ಸುಧಾ ನೋಡಿದರೂ ನೋಡದವಳ ಹಾಗೆ ಇರುತ್ತಾಳೆ. ಅವಳಿಗೂ ಆ ಹೊಟ್ಟೆಯ ಜೊತೆ ಇಪ್ಪತ್ತೈದು ವರ್ಷದ ಸಂಸಾರ.

ವಿಷಯ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಏನೇನೋ ಊಹಿಸಿಕೊಳ್ಳುತ್ತೀರಿ. ಎರಡು ವರ್ಷದ ಹಿಂದೆ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ. ಜಠರವನ್ನು ಕತ್ತರಿಸಿ ಬಾಳೆಕಾಯಿಯಷ್ಟು ಮಾಡಿದರು. ನಾಲ್ಕು ತುತ್ತಿಗೇ ಸಾಕೆನಿಸತೊಡಗಿತು. ಮುದ್ದೆಯ ಮೇಲೆ ಮುದ್ದೆ ಇಳಿಸುತ್ತಿದ್ದವನು ಲಿಂಬೆಹಣ್ಣಿನಷ್ಟು ಮುದ್ದೆಯನ್ನು ಎದುರಿಗಿಟ್ಟುಕೊಂಡು ಅದರ ಜೊತೆ ಹೊತ್ತು ಕಳೆಯುವುದನ್ನು ಕಲಿತೆ. ನೋಡನೋಡುತ್ತ ಕರಗಿಹೋದೆ. ಆದರೆ ಕೊಬ್ಬು ಕರಗಿದರೂ ಚರ್ಮ ಕರಗುವುದಿಲ್ಲ ಎನ್ನುವುದನ್ನು ಡಾಕ್ಟರು ಹೇಳಿದ್ದರೂ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಸರಕು ಖಾಲಿಯಾದ ಗೋಣಿಚೀಲದ ಹಾಗೆ ಹೊಟ್ಟೆಯ ಚರ್ಮ ತೊಡೆಯವರೆಗೆ ಜೋತುಬಿತ್ತು. ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಅದನ್ನು ಮಡಿಸಿ, ಪ್ಯಾಂಟಿನೊಳಗೆ ತುರುಕಿ, ಬೆಲ್ಟು ಬಿಗಿಯಬೇಕು. ಬೇಸಿಗೆಯಲ್ಲಿ ಮಡಿಕೆಯ ಅಡಿಯಲ್ಲಿ ಬೆವರಿ, ಕೆಂಪಾಗಿ, ಉರಿಯೆಂದರೆ ಉರಿ. ಕ್ಲಾಸಿನಲ್ಲಿ ಮೌರ್ಯರ ಆಡಳಿತದ ಪಾಠ ಮಾಡುತ್ತ ಕೈಯನ್ನು ಬಲವಂತವಾಗಿ ಜೇಬಿನಲ್ಲಿ ಕಟ್ಟಿಹಾಕಿಕೊಂಡಿರುತ್ತಿದ್ದೆ.

ಹಾಗಾಗಿ ಎರಡನೆಯ ಆಪರೇಷನ್. ಸೊಂಟದ ಈ ಮೂಳೆಯಿಂದ ಆ ಮೂಳೆಯವರೆಗೆ ಕೊಯ್ದು, ಜೋತದ್ದನ್ನೆಲ್ಲ ತೆಗೆದು, ಉಳಿದದ್ದನ್ನು ಕೆಳಕ್ಕೆ ಎಳೆದು ಹೊಲಿದರು. ಎಳೆದಾಗ ಹೊಕ್ಕುಳಿನ ಲೆಕ್ಕ ತಪ್ಪುತ್ತದಂತೆ, ಆದ್ದರಿಂದ ಅದಕ್ಕೆ ಹೊಸದಾಗಿ ಜಾಗ ಮಾಡಿಕೊಟ್ಟರು. ಅಮ್ಮ ದಿನಾ ಹರಳೆಣ್ಣೆ ಬಿಟ್ಟು ಕಾಪಾಡಿದ ಹೊಕ್ಕುಳು ಈಗ ಹೊಸ ವಿಳಾಸದಲ್ಲಿದೆ. ಅದರ ಸುತ್ತಲ ಚರ್ಮಕ್ಕೆ ಇನ್ನೂ ಸ್ಪರ್ಶ ಬಂದಿಲ್ಲ. ಮುಟ್ಟಿಕೊಂಡರೆ ಬೇರೆ ಯಾರದೋ ಹೊಟ್ಟೆಯನ್ನು ಅವರ ಅಪ್ಪಣೆಯಿಲ್ಲದೆ ಮುಟ್ಟಿದಂತಾಗುತ್ತದೆ.

ಮನೆಗೆ ಬರುವಾಗ ಎರಡು ಕೊಳವೆ, ಅವುಗಳ ತುದಿಗೆ ಕೆಂಪು ನೀರು ಇಳಿಯುವ ಎರಡು ಬುಡ್ಡಿ, ಹೊಟ್ಟೆಗೆ ಬಿಗಿಯುವ ಅಗಲವಾದ ಪಟ್ಟಿ, ಇವಿಷ್ಟರ ಜೊತೆಗೆ ಒಂದಷ್ಟು ಕಟ್ಟುಪಾಡು. ನೆಟ್ಟಗೆ ನಿಲ್ಲುವ ಹಾಗಿಲ್ಲ, ಹೊಲಿಗೆ ಜಗ್ಗುತ್ತದೆ. ನಡೆದರೆ ನೆಲದಲ್ಲಿ ಏನೋ ಕಳೆದುಕೊಂಡವರ ಹಾಗೆ ಬಗ್ಗಿ ನಡೆಯಬೇಕು. ಭಾರ ಎತ್ತಬಾರದು, ಕೆಮ್ಮಬಾರದು, ಸೀನಬಾರದು, ಜೋರಾಗಿ ನಗಬಾರದು. ಸೀನಿನ ಭಯಕ್ಕೆ ಸುಧಾ ಒಗ್ಗರಣೆ ಹಾಕುವ ಮೊದಲು ಅಡುಗೆಮನೆಯ ಬಾಗಿಲು ಮುಚ್ಚಿ, ಒಳಗಿನಿಂದ ಕೂಗಿ ಎಚ್ಚರಿಸುತ್ತಿದ್ದಳು. ನಗದೆ ಇರುವುದು ಮಾತ್ರ ನನಗೆ ಕಷ್ಟವಾಯಿತು. ನನ್ನನ್ನು ನೋಡಿ ಬೇರೆಯವರು ನಗುವ ಮೊದಲು ನಾನೇ ನಕ್ಕುಬಿಡುವುದು ನನ್ನ ಹಳೆಯ ವಿದ್ಯೆ. ಆಟೋದವನು ಮೀಟರಿನ ಕಡೆ ನೋಡಿ ಆಮೇಲೆ ನನ್ನ ಕಡೆ ನೋಡಿದರೆ, ಇಬ್ಬರ ಚಾರ್ಜು ತಗೊಳ್ಳಿ ಎಂದು ನಾನೇ ಹೇಳಿ ನಗುತ್ತಿದ್ದೆ. ಇಷ್ಟು ವರ್ಷ ಹೀಗೇ ಬಾಳಿದವನು ಈಗ ಜಕ್ಕೂರಿನ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಮಂಡಿಯ ಕೆಳಗೆ ದಿಂಬಿಟ್ಟುಕೊಂಡು, ಏರೋಡ್ರೋಮಿನಿಂದ ಮೇಲೇಳುವ ಪುಟಾಣಿ ವಿಮಾನಗಳನ್ನು ನೋಡುತ್ತ, ಗಂಭೀರವಾಗಿ ಕೂತಿರಬೇಕಾಯಿತು.

ಅಷ್ಟರಲ್ಲಿ ನನ್ನನ್ನು ನೋಡಿಕೊಳ್ಳಲು ಬ್ಯಾಟರಾಯನಪುರದಿಂದ ಅಕ್ಕ ಬರುತ್ತಾಳೆಂದು ಸುಧಾ ಹೇಳಿದಳು. ನನಗೆ ಹೊಲಿಗೆ ಬಿಚ್ಚಿದಷ್ಟು ಹೆದರಿಕೆಯಾಯಿತು.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಹೆಸರು ನಂಜಮ್ಮ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಾನು ಹೆದರಿದ್ದು ಅವಳಿಗಲ್ಲ, ಅವಳು ಎತ್ತಬಹುದಾದ ಒಂದೇ ಒಂದು ಮಾತಿಗೆ. ನನ್ನ ತುಲಾಭಾರ ಬಾಕಿ ಇತ್ತು.

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮ್ಮನಿಗೆ ಅಕ್ಕನ ನಂತರ ಹುಟ್ಟಿದ ಎರಡು ಮಕ್ಕಳು ಉಳಿದಿರಲಿಲ್ಲ. ನಾನು ತಿಂಗಳು ತುಂಬುವ ಮೊದಲೇ ಬಂದೆ. ಮೊರದಲ್ಲಿ ಹತ್ತಿ ಹಾಸಿ ಮಲಗಿಸಿದರೆ ಮೊರದಲ್ಲಿ ಇನ್ನೂ ಜಾಗ ಉಳಿಯುತ್ತಿತ್ತಂತೆ. ಅಮ್ಮ ಬಾಣಂತಿ ಕೋಣೆಯಿಂದಲೇ ನಮ್ಮೂರಿನ ಆಂಜನೇಯನ ಗುಡಿಯ ದಿಕ್ಕಿಗೆ ಕೈಮುಗಿದು, ಈ ಮಗು ಉಳಿಯಲಿ ಸ್ವಾಮಿ, ಇದರ ತೂಕದಷ್ಟು ಬೆಲ್ಲ ನಿನಗೆ ಒಪ್ಪಿಸುತ್ತೇನೆ ಎಂದು ಹರಕೆ ಹೊತ್ತಳು. ಮಗು ಉಳಿಯಿತು. ಅಷ್ಟು ಸಣ್ಣದಾಗಿದ್ದ ಕಾರಣಕ್ಕೆ ಪುಟ್ಟರಾಜು ಎಂದು ಹೆಸರಿಟ್ಟರು. ಮುಂದೆ ಆ ಹೆಸರು ಹಾಜರಿ ಕೂಗುವ ಮೇಷ್ಟ್ರುಗಳಿಗೆಲ್ಲ ಎಷ್ಟು ಸಂತೋಷ ಕೊಟ್ಟಿತೆಂದು ನೀವೇ ಊಹಿಸಿ.

ವರ್ಷ ತುಂಬಿದಾಗಲೇ ಹರಕೆ ತೀರಿಸಬಹುದಿತ್ತು. ಆದರೆ ಅಮ್ಮನಿಗೆ ಮುಜುಗರವಾಯಿತು. ನಾನಿನ್ನೂ ಬೆಕ್ಕಿನ ಮರಿಯಂತಿದ್ದೆ. ದೇವರು ಇಡೀ ಮಗುವನ್ನು ಉಳಿಸಿಕೊಟ್ಟಿರುವಾಗ ಒಂದು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋಗುವಷ್ಟು ಬೆಲ್ಲ ಕೊಟ್ಟರೆ ಅವನೇನು ಅಂದುಕೊಂಡಾನು? ಸ್ವಲ್ಪ ಮೈ ತುಂಬಿಕೊಳ್ಳಲಿ, ಮರ್ಯಾದೆಯಾಗಿ ಒಪ್ಪಿಸೋಣ ಎಂದು ತೀರ್ಮಾನಿಸಿದಳು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಹೊಟ್ಟೆಯ ಇತಿಹಾಸ.

ಬೆಳಿಗ್ಗೆ ಎದ್ದರೆ ಬೆಲ್ಲ ತುಪ್ಪ ಕಲಸಿದ ರಾಗಿ ಹುರಿಹಿಟ್ಟು. ಸ್ಕೂಲಿಗೆ ಹೋಗುವ ಮೊದಲು ಮುದ್ದೆ, ಬಂದ ಮೇಲೆ ಬಿಸಿ ಮುದ್ದೆ. ಅವರೆಕಾಯಿ ಕಾಲದಲ್ಲಿ ಮೂರು ಹೊತ್ತೂ ಹಿತಕಿದ ಬೇಳೆ ಸಾರು. ಯಾರ ಮನೆಯ ಹಸು ಕರು ಹಾಕಿದರೂ ಗಿಣ್ಣು ಹಾಲಿನ ಮೊದಲ ಲೋಟ ನಮ್ಮ ಮನೆಗೆ. ತಿನ್ನಿಸುತ್ತ ಕೂತ ಅಮ್ಮನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ. ನನ್ನ ಬಾಯಿ ಆಡುವುದನ್ನು ನೋಡುತ್ತ ತನ್ನ ಬಾಯನ್ನೂ ಸ್ವಲ್ಪ ಆಡಿಸುತ್ತಿದ್ದಳು. ತಟ್ಟೆಯಲ್ಲಿ ಏನಾದರೂ ಉಳಿದರೆ ಅವಳಿಗೆ ಆ ಎರಡು ಮಕ್ಕಳ ನೆನಪಾಗುತ್ತಿತ್ತೋ ಏನೋ. ನಾನು ಏನನ್ನೂ ಉಳಿಸುತ್ತಿರಲಿಲ್ಲ.

ಬೆಲ್ಲ ಯಾಕೆ ಎಂದರೆ, ಅಪ್ಪ ಯಶವಂತಪುರದ ಒಂದು ಬೆಲ್ಲದ ಮಂಡಿಯಲ್ಲಿ ತೂಕ ಹಾಕುವ ಕೆಲಸದಲ್ಲಿದ್ದರು. ಸ್ಕೂಲಿಗೆ ರಜೆ ಇದ್ದರೆ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ನಾನು ದೊಡ್ಡವನಾದಂತೆ ಹಿಂದಿನ ಕ್ಯಾರಿಯರ್ರು, ಅದಕ್ಕಿಂತ ದೊಡ್ಡವನಾದಂತೆ ನಾನು ಕ್ಯಾರಿಯರ್ರಿನ ಪಕ್ಕದಲ್ಲಿ ನಡಿಗೆ. ಆ ಮಂಡಿಯ ವಾಸನೆಯನ್ನು ಹೇಗೆ ಹೇಳಲಿ? ಸಿಹಿ, ಹೊಗೆ, ಹಸಿ ಗೋಣಿ, ಎಲ್ಲೋ ಮೂಲೆಯಲ್ಲಿ ಕರಗಿದ ಬೆಲ್ಲದ ಹುಳಿ. ಉಂಡೆ ಬೆಲ್ಲದ ರಾಶಿ ಒಂದು ಕಡೆ, ಅಚ್ಚು ಬೆಲ್ಲ ಇನ್ನೊಂದು ಕಡೆ. ಜೇನುಹುಳುಗಳು ಸಾವಿರಗಟ್ಟಲೆ, ಆದರೆ ಯಾರನ್ನೂ ಕಚ್ಚುತ್ತಿರಲಿಲ್ಲ. ಅವಕ್ಕೆ ಪುರುಸೊತ್ತು ಇರಲಿಲ್ಲ.

ಮಧ್ಯಾಹ್ನ ವ್ಯಾಪಾರ ತಣ್ಣಗಾದಾಗ ಅಪ್ಪ ನನ್ನನ್ನು ದೊಡ್ಡ ತಕ್ಕಡಿಯ ಹಲಗೆಯ ಮೇಲೆ ಕೂರಿಸಿ, ಕಲ್ಲು ಜೋಡಿಸಿ, ಸರಕಿನ ತೂಕ ಕೂಗುವ ರಾಗದಲ್ಲೇ ನನ್ನ ತೂಕ ಕೂಗುತ್ತಿದ್ದರು. ಹಮಾಲಿಗಳು ಸುತ್ತ ನಿಂತು, ಮಾಲು ಗಟ್ಟಿಯಾಗೈತೆ, ಹೋದ ಸಲಕ್ಕಿಂತ ಏರೈತೆ ಎಂದು ಹೊಗಳುತ್ತಿದ್ದರು. ಯಾರೋ ಒಂದು ತುಂಡು ಬೆಲ್ಲ ಮುರಿದು ಬಾಯಿಗಿಡುತ್ತಿದ್ದರು. ಅಲ್ಲಿ ತೂಕ ಎಂದರೆ ಹೆಮ್ಮೆ. ಜಾಸ್ತಿ ತೂಗುವುದು ತಪ್ಪು ಎಂದು ಆ ಮಂಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನ್ನ ಜೀವನದ ಅತ್ಯಂತ ಸುಖದ ಮಧ್ಯಾಹ್ನಗಳು ಅವು.

ಆರನೇ ಕ್ಲಾಸಿನಲ್ಲಿದ್ದಾಗ ಅಂತೂ ಹರಕೆ ತೀರಿಸಲು ದಿನ ಕೂಡಿಬಂತು. ಒಂದು ಶನಿವಾರ ಅಪ್ಪ ಗಾಡಿಯಲ್ಲಿ ಬೆಲ್ಲ ಹೇರಿಸಿಕೊಂಡು ಬಂದರು. ನನಗೆ ಹೊಸ ಚಡ್ಡಿ, ಹಣೆಗೆ ನಾಮ. ಗುಡಿಯ ಮಂಟಪದ ತೊಲೆಗೆ ಸರಪಳಿ ಕಟ್ಟಿ ತಕ್ಕಡಿ ತೂಗುಹಾಕಿದ್ದರು. ಆಂಜನೇಯನ ಗುಡಿಯಲ್ಲಿ ಶನಿವಾರವೆಂದರೆ ನಿಮಗೆ ಗೊತ್ತೇ ಇದೆ, ಊರಿಗೆ ಊರೇ ನೆರೆದಿತ್ತು. ನಾನು ಹತ್ತಿ ಕೂತೆ. ತೊಲೆ ಕಿರುಗುಟ್ಟಿತು, ನನ್ನ ಕಡೆಯ ತಟ್ಟೆ ಧಡ್ ಎಂದು ಕಲ್ಲು ನೆಲಕ್ಕೆ ಬಡಿಯಿತು. ಯಾರೋ, ಸ್ವಾಮಿ ಬೆಟ್ಟ ಎತ್ತಿದವನು, ಇವನನ್ನೂ ಎತ್ತಲಿ ಬಿಡಿ ಎಂದರು. ಜನ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಅಮ್ಮ ಪೂಜಾರಪ್ಪನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ, ತಾನು ಹೊರಗಾಗಿರುವುದಾಗಿ ಹೇಳಿದಳು. ಮುಟ್ಟಾದವಳು ಗುಡಿಯೊಳಗೆ ನಿಂತಿದ್ದಾಳೆ ಎಂದ ಮೇಲೆ ಮುಗಿಯಿತಲ್ಲ. ನನ್ನನ್ನು ಇಳಿಸಿದರು, ಬೆಲ್ಲ ಮತ್ತೆ ಗಾಡಿ ಹತ್ತಿತು, ನಾವು ಮನೆಗೆ ಬಂದೆವು. ನನಗೆ ಬೇಸರವೇನೂ ಆಗಲಿಲ್ಲ. ಅಷ್ಟು ಬೆಲ್ಲ ಮನೆಯಲ್ಲೇ ಉಳಿಯಿತಲ್ಲ! ಅವತ್ತು ಸಂಜೆಯೇ ಅಮ್ಮ ಹೋಳಿಗೆ ತಟ್ಟಿ ಬಿಸಿಬಿಸಿಯಾಗಿ ನನ್ನ ತಟ್ಟೆಗೆ ಹಾಕಿದಳು. ಎಷ್ಟು ತಿಂದೆನೋ ಲೆಕ್ಕವಿಲ್ಲ.

ಆಮೇಲೆ ತುಲಾಭಾರದ ಮಾತನ್ನು ಅಮ್ಮ ಎತ್ತಲಿಲ್ಲ. ಪೂಜಾರಪ್ಪ ನೆನಪಿಸಿದರೆ, ಇನ್ನೂ ಕಾಲ ಬಂದಿಲ್ಲ ಎನ್ನುತ್ತಿದ್ದಳು. ವರ್ಷ ವರ್ಷ ನಾನು ಏರುತ್ತಲೇ ಹೋಗುತ್ತಿದ್ದೆ, ಪಾಪ ಬೆಲ್ಲಕ್ಕೆ ಎಲ್ಲಿಗೆ ಹೋಗುವುದು ಎಂದು ಸುಮ್ಮನಾಗಿರಬೇಕು ಅಂದುಕೊಂಡೆ. ನನಗೂ ಅದೇ ಬೇಕಿತ್ತು. ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಿಗೆ, ಆ ತಟ್ಟೆಯ ಮೇಲೆ ಎಲ್ಲರೆದುರು ಕೂರುವುದನ್ನು ನೆನೆದರೆ ಮೈಯೆಲ್ಲ ಬೆವರುತ್ತಿತ್ತು. ಅಪ್ಪ ಹೋದರು. ಆಮೇಲೆ ಅಮ್ಮನೂ ಹಾಸಿಗೆ ಹಿಡಿದಳು. ಕೊನೆಯ ದಿನಗಳಲ್ಲಿ ಒಮ್ಮೆ ಅಕ್ಕನನ್ನು ಹತ್ತಿರ ಕರೆದು, ನನ್ನ ಕಡೆ ನೋಡುತ್ತಲೇ, ಅವಳ ಕೈ ಹಿಡಿದುಕೊಂಡು ಏನೋ ಹೇಳಿದಳು. ಹರಕೆಯ ವಿಷಯ ಎಂದು ನನಗೆ ಕೂಡಲೇ ಗೊತ್ತಾಯಿತು. ಅವತ್ತಿನಿಂದ ಅಕ್ಕ ಯಾವಾಗ ಬಾಯಿ ತೆಗೆದಾಳೋ ಎಂದು ಕಾಯುತ್ತಲೇ ಇದ್ದೆ. ಅವಳು ತೆಗೆಯಲಿಲ್ಲ. ಇಷ್ಟು ವರ್ಷ ತೆಗೆಯದೇ ಇದ್ದವಳು ಈಗ ಖಂಡಿತ ತೆಗೆಯುತ್ತಾಳೆ, ದೇವರಿಗೆ ಸಲ್ಲಬೇಕಾದ ತೂಕವನ್ನು ಆಸ್ಪತ್ರೆಗೆ ಕೊಟ್ಟು ಬಂದೆಯಲ್ಲೋ ಎಂದು ಕೇಳುತ್ತಾಳೆ ಎನ್ನುವುದೇ ನನ್ನ ಹೆದರಿಕೆ.

ಅದಕ್ಕೆ ಆಧಾರವೂ ಇತ್ತು. ಆಪರೇಷನ್ ಆದ ಮರುದಿನ ಹೆಬ್ಬಾಳದ ಕಡೆಯ ಆ ಆಸ್ಪತ್ರೆಗೆ ಅಕ್ಕ ನನ್ನನ್ನು ನೋಡಲು ಬಂದಿದ್ದಳು. ಅದೇ ಹೊತ್ತಿಗೆ ಡಾಕ್ಟರಮ್ಮ ರೌಂಡ್ಸಿಗೆ ಬಂದರು. ಅಕ್ಕ ನನ್ನ ಜ್ವರ, ನೋವು ಏನನ್ನೂ ಕೇಳಲಿಲ್ಲ. ತೆಗೆದದ್ದು ಎಷ್ಟು ತೂಕ ಇತ್ತು ಎಂದು ಕೇಳಿದಳು. ಡಾಕ್ಟರಮ್ಮ ಹೇಳಿದರು. ಯಾವ ಥರದ ತಕ್ಕಡಿಯಲ್ಲಿ ತೂಗಿದಿರಿ, ಮುಳ್ಳು ಸರಿಯಾಗಿ ನಿಂತಿತ್ತಾ ಎಂದು ಅಕ್ಕ ಮತ್ತೆ ಕೇಳಿದಳು. ತೂಕ ಹಾಕುವವರ ಮಗಳಲ್ಲವೇ. ಡಾಕ್ಟರಮ್ಮ ಗಲಿಬಿಲಿಗೊಂಡು, ತೆಗೆದ ಚರ್ಮವನ್ನು ಮನೆಯವರ ಕೈಗೆ ಕೊಡುವ ಪದ್ಧತಿ ಇಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ ಎಂದು ಬಹಳ ನಯವಾಗಿ ವಿವರಿಸಿದರು. ನಮಗೆ ಬ್ಯಾಡ ಕಣಮ್ಮ, ನೀವೇ ಇಟ್ಕೊಳಿ ಎಂದಳು ಅಕ್ಕ. ನನಗೆ ನಗು ಬಂದು, ನಗಲಾರದೆ, ಹೊಟ್ಟೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡೆ. ಆದರೆ ಒಳಗೊಳಗೇ ಅಂದುಕೊಂಡೆ, ಲೆಕ್ಕ ಶುರುವಾಯಿತು ಎಂದು.

ಅಕ್ಕ ಬಟ್ಟೆಗಂಟಿನ ಜೊತೆ ಬಂದವಳೇ ನನ್ನನ್ನು ಬಾಣಂತಿ ಮಾಡಿಬಿಟ್ಟಳು. ಹೊಟ್ಟೆ ಕೊಯ್ದಿದ್ದಾರೆ, ಹೊಟ್ಟೆಗೆ ಬಿಗಿಯಾಗಿ ಕಟ್ಟಬೇಕು ಎಂದಿದ್ದಾರೆ, ಥಂಡಿ ತಾಗಬಾರದು, ಭಾರ ಎತ್ತಬಾರದು ಎಂದಿದ್ದಾರೆ. ಇದು ಬಾಣಂತನವಲ್ಲದೆ ಮತ್ತೇನು? ಅವಳಿಗೆ ಗೊತ್ತಿದ್ದ ಶುಶ್ರೂಷೆ ಅದೊಂದೇ, ಅದರಲ್ಲಿ ಅವಳು ಪಳಗಿದವಳು. ನನ್ನ ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಮಫ್ಲರ್, ಬೆಳಿಗ್ಗೆ ಸಂಜೆ ಸಾಂಬ್ರಾಣಿ ಹೊಗೆ. ಪಟ್ಟಿಯನ್ನು ದಿನಾ ಬಿಚ್ಚಿ ಕಟ್ಟುವ ಕೆಲಸ ಅವಳದೇ. ಉಸಿರು ಎಳ್ಕೊ, ಬಿಡು, ಎಂದು ಹೇಳಿ ನಾನು ಬಿಡುವ ಹೊತ್ತಿಗೆ ಸರಿಯಾಗಿ ಎಳೆದು ಅಂಟಿಸುತ್ತಿದ್ದಳು. ಆಸ್ಪತ್ರೆಯ ನರ್ಸ್ ಕೂಡ ಅಷ್ಟು ಹಿತವಾಗಿ ಕಟ್ಟಿರಲಿಲ್ಲ. ಎದುರು ಫ್ಲಾಟಿನ ಶಾಹಿದಾ ಆಂಟಿ ನನ್ನನ್ನು ನೋಡಲು ಬಂದವರು, ಹತ್ತಿ ಮಫ್ಲರ್ ಸಾಂಬ್ರಾಣಿ ಎಲ್ಲವನ್ನೂ ನೋಡಿದರು, ಏನೂ ಕೇಳಲಿಲ್ಲ. ಮಾರನೆಯ ದಿನ ತಮ್ಮ ಮನೆಯಲ್ಲಿ ಬಾಣಂತಿಯರಿಗೆ ಮಾಡುವ ಅಂಟಿನ ಲಾಡು ಒಂದು ಡಬ್ಬಿ ತಂದುಕೊಟ್ಟರು. ದಿನಕ್ಕೆ ಅರ್ಧ ಲಾಡಿನಂತೆ ತಿಂದೆ, ಚೆನ್ನಾಗಿತ್ತು.

ಆದರೆ ಅಕ್ಕ ಆ ಮಾತು ಮಾತ್ರ ಎತ್ತಲಿಲ್ಲ. ಪುಟ್ಟ, ಎಂದು ಕರೆಯುವಳು. ಇಗೋ ಬಂತು ಎಂದು ನಾನು ಉಸಿರು ಹಿಡಿಯುವೆ. ಮಜ್ಜಿಗೆ ಕುಡೀತೀಯಾ, ಎನ್ನುವಳು. ಮತ್ತೊಮ್ಮೆ ಪಕ್ಕದಲ್ಲಿ ಬಂದು ಕೂತು, ಬಹಳ ಹೊತ್ತು ನನ್ನ ಹೊಟ್ಟೆಯನ್ನೇ ನೋಡಿ, ಬಾಯಿ ತೆರೆದು, ಆ ವಿಮಾನ ಇಷ್ಟು ಸಣ್ಣಕ್ಕೈತಲ್ಲ, ಒಳಗೆ ಒಬ್ರಾದ್ರೂ ಇಡಿಸ್ತಾರಾ ಎಂದು ಕೇಳಿದಳು. ಬೈಯುವವರು ಬೈದುಬಿಟ್ಟರೆ ಒಂದು ನೆಮ್ಮದಿ. ಬೈಯದೆ ಮಜ್ಜಿಗೆ ಕೊಡುವವರ ಎದುರು ಏನು ಮಾಡುವುದು?

ಕೊಳವೆಗಳನ್ನು ತೆಗೆದ ಮೇಲೆ ಡಾಕ್ಟರಮ್ಮ ಹೊರಗೆ ಸ್ವಲ್ಪ ನಡೆಯಲು ಹೇಳಿದರು. ಬೆಳಗಿನ ಹೊತ್ತು ನಾನೂ ಅಕ್ಕನೂ ಜಕ್ಕೂರು ಕೆರೆಯ ಏರಿಯ ಮೇಲೆ ಹೋದೆವು. ನಾನು ಹೊಲಿಗೆಗೆ ಬಗ್ಗಿದ್ದೆ, ಅವಳು ಮಂಡಿನೋವಿಗೆ ಬಗ್ಗಿದ್ದಳು. ಓಡುವವರೆಲ್ಲ ಎರಡು ಕಡೆ ಸರಿದು ನಮಗೆ ದಾರಿ ಬಿಟ್ಟರು. ಸ್ವಲ್ಪ ದೂರಕ್ಕೇ ಸುಸ್ತಾಗಿ ಒಂದು ಬೆಂಚಿನ ಮೇಲೆ ಕೂತೆವು. ನೀರಿನ ಮೇಲೆ ಹೆಜ್ಜಾರ್ಲೆ ಹಕ್ಕಿಗಳು ತೇಲುತ್ತಿದ್ದವು. ಅಕ್ಕ ಏದುಸಿರು ಬಿಡುತ್ತಿದ್ದಳು. ಅವಳಿಗೆ ವಯಸ್ಸಾಗಿದೆ ಎನ್ನುವುದು ನನಗೆ ಆವತ್ತು ಮೊದಲ ಸಲ ಹೊಳೆಯಿತು. ಹರಕೆಯನ್ನು ಅಮ್ಮ ಬಾಕಿ ಬಿಟ್ಟುಹೋದ ಹಾಗೆ ಇವಳೂ ಬಿಟ್ಟುಹೋಗಬಾರದು ಅನಿಸಿತು. ಇನ್ನು ತಡೆಯಲಾಗಲಿಲ್ಲ.

"ಅಕ್ಕ, ನನ್ ತುಲಾಭಾರದ ಮಾತು ಯಾವಾಗ್ ತೆಗೀತೀಯ?"

ಅವಳು ಕೆರೆಯ ಕಡೆಗೇ ನೋಡುತ್ತಿದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅಂತೂ ನೀನೇ ಕೇಳ್ದಲ್ಲಪ್ಪ, ಸದ್ಯ. ಅಮ್ಮ ನನ್ ಕೈಲಿ ಆಣೆ ಆಕುಸ್ಕೊಂಡಿದ್ಲು. ಅವ್ನಾಗೇ ಕೇಳೋ ಗಂಟ ನೀನು ಬಾಯಿ ಬಿಡ್ಕೂಡ್ದು ಅಂತ."

ಅಷ್ಟು ಬೆಲ್ಲಕ್ಕೆ ಅಮ್ಮ ಹೆದರಿದಳಾ ಎಂದು ಕೇಳಿದೆ. ಅಕ್ಕನಿಗೆ ಸಿಟ್ಟು ಬಂತು. ಮಂಡಿಯಲ್ಲಿ ತೂಕ ಹಾಕುವವರ ಮನೆಯಲ್ಲಿ ಬೆಲ್ಲಕ್ಕೆ ಬರವೇ ಎಂದಳು. ಹಾಗಾದರೆ ಯಾಕೆ ನಿಲ್ಲಿಸಿದಳು, ಅವತ್ತು ಹೊರಗಾದ ಮೇಲೆ ಇನ್ನೊಂದು ಶನಿವಾರ ಮಾಡಬಹುದಿತ್ತಲ್ಲ ಎಂದೆ. ಅಕ್ಕ ನನ್ನ ಮುಖವನ್ನೇ ನೋಡಿದಳು.

"ಲೋ, ಆಚೆ ಕೂರ್ಬೇಕಾದೋಳು ಅವತ್ತು ಸಂಜೆ ಒಲೆ ಮುಂದೆ ಎಂಗೋ ಕೂತಿದ್ಲು? ನಿನ್ ತಟ್ಟೆಗೆ ಓಳಿಗೆ ಯಾರೋ ಆಕಿದ್ದು?"

ನಾನು ಮೂವತ್ತು ವರ್ಷದಿಂದ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಿದ್ದೇನೆ. ಸಾಕ್ಷಿಯನ್ನು ಹೇಗೆ ಓದಬೇಕೆಂದು ಪ್ರತಿ ವರ್ಷ ಮೊದಲ ಪಾಠದಲ್ಲೇ ಉಪದೇಶಿಸುತ್ತೇನೆ. ಮುಟ್ಟಿನ ದಿನಗಳಲ್ಲಿ ಅಮ್ಮ ಜಗಲಿಯ ಮೂಲೆಯಲ್ಲಿ ತನ್ನ ಚಾಪೆ, ಚೊಂಬು, ತಟ್ಟೆ ಇಟ್ಟುಕೊಂಡು ಕೂರುತ್ತಿದ್ದಳು. ಆಗ ಒಲೆ ಹಚ್ಚುತ್ತಿದ್ದವಳು ಅಕ್ಕ. ಮನೆಯ ಮಗುವಿಗೂ ಗೊತ್ತಿದ್ದ ನಿಯಮ. ಆದರೂ ಅಮ್ಮನ ಕೈಯ ಹೋಳಿಗೆಯನ್ನು ನಾನು ಆ ಸಂಜೆ ಮುಗಿಯುವವರೆಗೂ ತಿಂದೆ, ತಲೆಯಲ್ಲಿ ಒಂದು ಪ್ರಶ್ನೆಯೂ ಏಳಲಿಲ್ಲ. ತಟ್ಟೆಯಲ್ಲಿ ಬಿದ್ದಿದ್ದ ಸಾಕ್ಷಿಗೆ ತುಪ್ಪ ಹಾಕಿಕೊಂಡು ತಿಂದುಬಿಟ್ಟೆ.

ಅಮ್ಮ ಸುಳ್ಳು ಹೇಳಿದ್ದಳು. ದೇವರ ಎದುರು, ಊರಿನ ಎದುರು, ತನ್ನ ಮೈಯ ಮೇಲೆ ಹೊತ್ತುಕೊಂಡು ಸುಳ್ಳು ಹೇಳಿದ್ದಳು. ಅಂಥ ಹೊತ್ತಿನಲ್ಲಿ ಗುಡಿಯೊಳಗೆ ಕಾಲಿಟ್ಟವಳು ಎಂದು ಊರಿನ ಮುದುಕಿಯರು ಅವಳನ್ನು ಎಷ್ಟೋ ತಿಂಗಳು ಆಡಿಕೊಂಡರಂತೆ. ಗುಡಿಗೆ ಶುದ್ಧಿ ಮಾಡಿಸಬೇಕಾಯಿತಂತೆ. ಹೊಸ ಸೊಸೆಯಂದಿರಿಗೆ ಬುದ್ಧಿ ಹೇಳುವಾಗ ಅವಳ ಹೆಸರು ಬರುತ್ತಿತ್ತಂತೆ. ಅವಳು ಎಲ್ಲದಕ್ಕೂ ತಲೆ ತಗ್ಗಿಸಿಕೊಂಡು ಹೂಂ ಅಂದಳಂತೆ.

ಜನ ನಗುವುದನ್ನು ತಡೆಯಲಾರದೆ ಹಾಗೆ ಮಾಡಿದಳೇ ಎಂದು ಕೇಳಿದೆ.

"ಜನ ನಕ್ಕಿದ್ದಲ್ಲ ಕಣೋ. ಜನ ನಗ್ತಾರೆ ಬಿಡು, ಅವ್ರಿಗೇನು. ನೀನೂ ಅವ್ರ ಜೊತೆ ಸೇರ್ಕೊಂಡು ನಗ್ತಿದ್ಯಲ್ಲ. ಚಡ್ಡಿ ಅಂಚು ಎರಡೂ ಕೈಲಿ ಇಡ್ಕೊಂಡು, ಕಣ್ ತುಂಬ ನೀರು ಇಟ್ಕೊಂಡು, ನಗ್ತಿದ್ದೆ. ಅದನ್ನ ಅವ್ಳ ಕೈಲಿ ನೋಡಕ್ಕಾಗ್ಲಿಲ್ಲ."

ಕಣ್ಣು ತುಂಬ ನೀರು ಇದ್ದದ್ದು ನನಗೆ ನೆನಪಿರಲಿಲ್ಲ. ನಕ್ಕದ್ದಷ್ಟೇ ನೆನಪಿತ್ತು. ನಗಬಾರದು, ಸೀನಬಾರದು, ಕೆಮ್ಮಬಾರದು ಎಂದು ಅಷ್ಟು ಹೇಳಿದ್ದ ಡಾಕ್ಟರಮ್ಮ ಅಳಬಾರದು ಎಂದು ಮಾತ್ರ ಹೇಳಿರಲಿಲ್ಲ. ಅತ್ತರೂ ಹೊಲಿಗೆ ಅಷ್ಟೇ ಜಗ್ಗುತ್ತದೆ. ಬೆಂಚಿನ ಮೇಲೆ ಬಗ್ಗಿ ಕೂತು ಅತ್ತೆ. ಅಕ್ಕ ಪಟ್ಟಿಯ ಮೇಲೆ ಅಂಗೈ ಒತ್ತಿ ಹಿಡಿದುಕೊಂಡಳು, ಬಾಣಂತಿ ಕೆಮ್ಮಿದಾಗ ಹಿಡಿಯುವ ಹಾಗೆ. ನನಗೆ ಅಮ್ಮನನ್ನು ಒಂದೇ ಒಂದು ಸಲ ನೋಡಬೇಕು ಎನಿಸಿತು. ಅವಳಿಗೆ ಹೇಳಲು ನನ್ನ ಬಳಿ ದೊಡ್ಡದೇನೂ ಇರಲಿಲ್ಲ. ಅವಳ ಪಕ್ಕದಲ್ಲಿ ಸುಮ್ಮನೆ ಕೂತಿದ್ದರೆ ಸಾಕಾಗಿತ್ತು.

ಕೊನೆಗೆ, ಮಾಡಿಸೋಣ ಅಕ್ಕ, ಎಂದೆ. ಆಸ್ಪತ್ರೆಯಲ್ಲಿ ತೂಕ ಕೇಳಿದ್ದು ಇದಕ್ಕೇ ತಾನೆ ಎಂದೂ ಕೇಳಿದೆ. ಹೌದು, ನೀನು ಯಾವತ್ತಾದರೂ ಬಾಯಿ ಬಿಟ್ಟರೆ ಲೆಕ್ಕ ತಪ್ಪಬಾರದಲ್ಲ ಎಂದಳು. ಈಗಿರುವ ತೂಕದ ಬೆಲ್ಲ ಹಾಕುವುದು, ಅದರ ಮೇಲೆ ತೆಗೆದುಹಾಕಿದ್ದರ ತೂಕದ್ದನ್ನೂ ಸೇರಿಸುವುದು ಎಂದು ಅವಳ ತೀರ್ಮಾನ. ಅದನ್ನು ಕತ್ತರಿಸಿ ಎಸೆದೇ ಆಯಿತಲ್ಲ, ಅದಕ್ಕೇಕೆ ಬೆಲ್ಲ ಎಂದೆ.

"ಬಿಸಾಕಿದ್ರೇನು, ಅದನ್ನೂ ಅವ್ಳೇ ತಾನೆ ತುಂಬ್ಸಿದ್ದು" ಎಂದಳು.

ಮಂಗಳವಾರವೋ ಬುಧವಾರವೋ ಹೋಗೋಣ, ಗುಡಿ ಖಾಲಿ ಇರುತ್ತದೆ, ಯಾರೂ ನೋಡುವುದಿಲ್ಲ ಎಂದು ಅವಳೇ ಮೆತ್ತಗೆ ಹೇಳಿದಳು. ಬೇಡ, ಶನಿವಾರವೇ ಹೋಗೋಣ ಎಂದೆ.

ಇದು ಹೋದ ಶನಿವಾರದ ಮಾತು. ಆ ಹೊತ್ತಿಗೆ ನಾನು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುವಷ್ಟಾಗಿದ್ದೆ, ಕೂತು ಏಳಲು ಡಾಕ್ಟರಮ್ಮನ ಅಪ್ಪಣೆಯೂ ಸಿಕ್ಕಿತ್ತು. ಬೆಲ್ಲ ಯಶವಂತಪುರದಿಂದಲೇ ಬಂತು. ಗುಡಿ ಈಗ ಹಳೆಯ ಗುಡಿಯಲ್ಲ. ನೆಲಕ್ಕೆ ಗ್ರಾನೈಟ್, ಮಂಟಪಕ್ಕೆ ಬಣ್ಣದ ದೀಪ, ಸ್ಟೀಲಿನ ತಕ್ಕಡಿ. ಪೂಜಾರಪ್ಪನ ಮೊಮ್ಮಗ ಪೂಜೆ ಮಾಡುತ್ತಾನೆ. ಸಾಲು ರಸ್ತೆಯವರೆಗೂ ಇತ್ತು. ಸುಧಾ ನನ್ನ ತೋಳು ಹಿಡಿದು ತಟ್ಟೆಯ ಮೇಲೆ ಕೂರಿಸಿದಳು. ತಟ್ಟೆ ಮೆಲ್ಲಗೆ ನೆಲ ಮುಟ್ಟಿತು. ಎದುರಿನ ತಟ್ಟೆಗೆ ಅಕ್ಕ ಬೆಲ್ಲದ ಅಚ್ಚುಗಳನ್ನು ತಾನೇ ಎತ್ತಿ ಇಡತೊಡಗಿದಳು. ಮಂಡಿನೋವು, ಬೇಡ, ನಾವು ಇಡುತ್ತೇವೆ ಎಂದರೆ ಕೇಳಲಿಲ್ಲ.

ಸಾಲಿನಲ್ಲಿ ನಿಂತಿದ್ದ ಒಬ್ಬ ಹೆಂಗಸು, ಇದು ಏನು ಹರಕೆ ಎಂದು ಅಕ್ಕನನ್ನು ಕೇಳಿದರು. ಮಗು ಉಳಿಯಲಿ ಎಂದು ನಮ್ಮಮ್ಮ ಹೊತ್ತದ್ದು ಎಂದಳು ಅಕ್ಕ. ಆಕೆ ಮಗುವಿಗಾಗಿ ಅತ್ತಿತ್ತ ನೋಡಿದರು. ಸುಧಾಳ ಕಂಕುಳು ನೋಡಿದರು, ಕಂಬದ ಹಿಂದೆ ನೋಡಿದರು.

"ಮಗು ಎಲ್ಲಮ್ಮ?"

"ಅಲ್ಲೇ ಕೂತೈತಲ್ಲ" ಎಂದಳು ಅಕ್ಕ, ಬೆಲ್ಲದಿಂದ ಕಣ್ಣು ತೆಗೆಯದೆ.

ಆಕೆ ನನ್ನ ನರೆತ ತಲೆಯನ್ನೂ ಕನ್ನಡಕವನ್ನೂ ನೋಡಿದರು. ಚೆನ್ನಾಗಿರ್ಲಿ, ಎಂದು ಕೈ ಮುಗಿದರು. ಹಿಂದಿನವರೂ ನೋಡಿದರು. ಯಾರೂ ನಗಲಿಲ್ಲ. ನಾನೂ ನಗಲಿಲ್ಲ.

ಮುಳ್ಳು ಸಮಕ್ಕೆ ಬಂತು. ಪೂಜಾರಿ, ಸಾಕು ಅಮ್ಮ, ಸರಿಹೋಯಿತು ಎಂದ. ಅಕ್ಕ ನಿಲ್ಲಿಸಲಿಲ್ಲ. ಒಂದು ಅಚ್ಚು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಆ ಕಡೆಯ ತಟ್ಟೆ ಕೆಳಗೆ ಹೋಯಿತು, ನಾನು ನೆಲ ಬಿಟ್ಟು ಮೇಲೆದ್ದೆ. ಕಾಲು ಗಾಳಿಯಲ್ಲಿತ್ತು. ಮಂಡಿಯ ಆ ಮಧ್ಯಾಹ್ನಗಳ ನಂತರ ನನ್ನನ್ನು ಯಾರೂ ಎತ್ತಿರಲಿಲ್ಲ, ಎತ್ತಲು ಯಾರಿಗೂ ಆಗುತ್ತಿರಲಿಲ್ಲ.

ಮಂಗಳಾರತಿ ಆಯಿತು. ಪೂಜಾರಿ, ಇನ್ನು ಇಳೀರಿ ಸಾರ್, ಹಿಂದೆ ಜನ ಕಾಯ್ತಿದ್ದಾರೆ ಎಂದ. ಸುಧಾ ಕೈ ಚಾಚಿದಳು. ಅಕ್ಕ ಕೈಗೆ ಅಂಟಿದ ಬೆಲ್ಲವನ್ನು ಸೆರಗಿಗೆ ಒರೆಸಿಕೊಳ್ಳುತ್ತ ನನ್ನನ್ನು ನೋಡುತ್ತಿದ್ದಳು.

"ಇನ್ನೊಂದ್ ಸ್ವಲ್ಪ ಹೊತ್ತು ಕೂತಿರ್ತೀನಿ" ಎಂದೆ.